ಬಾವಿಯ ತೀರ್ಥ

ಮಠದ ಬಾವಿಯ ನೀರಿನಲ್ಲಿ ಕಾಲರಾ ರೋಗಾಣು ಇದೆಯೆಂದು ವರದಿ ಬರೆದಿದ್ದ ತಾಲ್ಲೂಕು ಆರೋಗ್ಯಾಧಿಕಾರಿ ವಾರಿಜಾಳನ್ನು ಮಠಕ್ಕೇ ಕರೆಸಿದರು. ಸ್ವಾಮೀಜಿಯ ಪಾದದ ಬಳಿ ಮಂತ್ರಿ ಕೂತಿದ್ದರು. ಅವಳ ಮೇಲಧಿಕಾರಿ ಕೈಕಟ್ಟಿ ನಿಂತಿದ್ದರು. ಬಾಗಿಲ ತುಂಬ ಭಕ್ತರು.

“ವರದಿ ವಾಪಸ್ ತಗೊಳ್ಳಮ್ಮ,” ಎಂದರು ಮಂತ್ರಿ.

“ಹನ್ನೊಂದು ಮಕ್ಕಳು ಆಸ್ಪತ್ರೇಲಿದಾರೆ ಸಾರ್. ಬಾವಿ ಮುಚ್ಚಲೇಬೇಕು.”

“ಗುರುಗಳು ಕೊಟ್ಟ ತೀರ್ಥದಿಂದ ರೋಗ ಬರುತ್ತಾ? ಎಲ್ಲರೆದುರಿಗೆ ಕುಡಿದುಬಿಡು, ಗೊತ್ತಾಗುತ್ತೆ.”

ಹೊರಹೋಗಲು ದಾರಿಯಿರಲಿಲ್ಲ. ವಾರಿಜಾ ಮೇಲಧಿಕಾರಿಯತ್ತ ನೋಡಿದಳು. ಅವರು ನೆಲ ನೋಡಿದರು. ಕೊನೆಗೆ ಅಂಗೈ ಚಾಚಿದಳು. ಭಕ್ತರು ಜಯಕಾರ ಹಾಕಿದರು. ಆ ಗದ್ದಲದಲ್ಲಿ ಸ್ವಾಮೀಜಿ ಅಂಗೈಗೆ ತೀರ್ಥ ಹಾಕುತ್ತ, ಬಾಗಿ, ಅವಳ ಕಿವಿಯಲ್ಲಿ ಪಿಸುಗುಟ್ಟಿದರು:

“ಕುಡಿದ ಹಾಗೆ ಮಾಡಿ ಸಾಕು, ತಾಯಿ. ನಾವೂ ಅಷ್ಟೇ ಮಾಡೋದು.”