ದಸರೆಗೆ ಹುಟ್ಟಿದವರು

ಕಾರ್ಖಾನೆಯವರ ಜೀವವಿಮೆಗೆಂದು ಜಾಹ್ನವಿ ಹೊಸ ಡೇಟಾಬೇಸ್ ಕಟ್ಟುತ್ತಿದ್ದಳು. ಅರವತ್ತೈದು ತುಂಬಿದ ದಿನವೇ ಅದು ವಿಮೆಯ ಮೊತ್ತವನ್ನು ಅರ್ಧಕ್ಕಿಳಿಸಬೇಕಿತ್ತು. ಪರೀಕ್ಷಿಸಿ ನೋಡಿದರೆ, ಬರುವ ಜೂನ್ ಒಂದಕ್ಕೆ ಮಾಲೀಕ ಪುಟ್ಟಸ್ವಾಮಿಯವರದೇ ಅರ್ಧವಾಗುತ್ತಿತ್ತು.

“ಜೂನ್ ಒಂದು ನಮ್ಮ ಮೇಷ್ಟ್ರು ಎಲ್ಲ ಮಕ್ಕಳಿಗೂ ಬರೆದಿದ್ದು ಕಣಮ್ಮ,” ಎಂದರು ಅವರು. “ನಾನು ಹುಟ್ಟಿದ್ದು ದಸರೆಗೆ. ಇನ್ನೂ ಟೈಮಿದೆ, ತಿದ್ದಿಬಿಡು.”

“ತಿದ್ದೋಕೆ ಸಾಕ್ಷಿ ಬೇಕು ಸಾರ್.”

ಮರುದಿನ ಅವರು ಹೆತ್ತ ತಾಯಿಯನ್ನೇ ಕಾರಿನಲ್ಲಿ ಕರೆತಂದು, ಗೆದ್ದವರಂತೆ ಜಾಹ್ನವಿಯ ಎದುರು ಕೂರಿಸಿದರು.

“ನಿಮ್ಮ ಮಗ ಹುಟ್ಟಿದ್ದು ದಸರೆಗಾ ಅಜ್ಜಿ?”

“ಹೂಂ ಕಣವ್ವ, ದಸರೆಗೇ. ಸ್ಕೂಲಿಗೆ ಲೇಟಾಗಿ ಸೇರ್ಸಿದ್ವಿ ಅಂತ ಮೇಷ್ಟ್ರು ವಯಸ್ಸು ಎರಡು ವರ್ಷ ಕಮ್ಮಿ ಬರ್ಕೊಂಡ್ರು, ಅಷ್ಟೇಯ.”