ಡಾಂಬರಿನ ಚಿತ್ರ

ಯಾರೂ ನೋಡುತ್ತಿಲ್ಲವೆಂದುಕೊಂಡು ಹೆಸ್ಟರ್ ಹೀಟರಿನ ಗುಂಡಿಯನ್ನು ಪೂರ್ತಿ ತಿರುಗಿಸಿದಳು. ಹೀಟರು ಇದ್ದದ್ದು ಓಡೆಟ್‌ಳ ಚಿತ್ರದ ಕೆಳಗೇ. ಸೋರುವ ಚಾವಣಿಗೆ ಮೆತ್ತುವ ಡಾಂಬರನ್ನು ಹಲಗೆಗೆ ಬಳಿದರೆ ಅದೂ ಚಿತ್ರ, ಅದನ್ನು ನೋಡಲು ಈ ಹಿಮದಲ್ಲೂ ಡುಲೂತ್‌ನ ಅರ್ಧ ಊರು ಗ್ಯಾಲರಿಗೆ ಬಂದಿತ್ತು. ಓಡೆಟ್ ಜೊತೆ ಒಂದೇ ಸ್ಟುಡಿಯೋದಲ್ಲಿ ದುಡಿದ ಹೆಸ್ಟರಳ ತೈಲಚಿತ್ರಗಳತ್ತ ಒಬ್ಬರೂ ಕಣ್ಣೆತ್ತಿ ನೋಡಿದವರಲ್ಲ. ಡಾಂಬರು ಬಿಸಿ ತಡೆಯುವುದಿಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಜನ ಕೋಟು ಬಿಚ್ಚತೊಡಗಿದರು. ಚಿತ್ರದ ಕೆಳಗಿನ ಅಂಚು ಹೊಳೆಯಿತು, ಸಡಿಲವಾಯಿತು, ಕಪ್ಪು ಎಳೆಯೊಂದು ಮೆಲ್ಲಗೆ ಗೋಡೆಗಿಳಿಯಿತು. ಹೆಸ್ಟರಳ ಹೊಟ್ಟೆ ತಣ್ಣಗಾಯಿತು.

"ಇಳೀತಾ ಇದೆ ನೋಡ್ರಿ," ಎಂದಳು ಒಬ್ಬ ಮುದುಕಿ. ಎಲ್ಲರೂ ಉಸಿರು ಬಿಗಿಹಿಡಿದು ನೋಡಿದರು. ಆಮೇಲೆ ಆ ಮುದುಕಿಯೇ ಚಪ್ಪಾಳೆ ತಟ್ಟಿದಳು.

ಓಡೆಟ್ ಜನರನ್ನು ಸರಿಸಿಕೊಂಡು ಬಂದು ಹೆಸ್ಟರಳ ಕೈ ಹಿಡಿದಳು. ಅವಳ ಕಣ್ಣು ತುಂಬಿತ್ತು. "ನೀನು ಗುಂಡಿ ತಿರುಗಿಸಿದ್ದು ನೋಡ್ದೆ ಕಣೇ. ಇದು ಹರೀಬೇಕು, ಬಿಸಿ ಜಾಸ್ತಿ ಮಾಡಿ ಅಂತ ಗ್ಯಾಲರಿಯವರ ಹತ್ರ ಎಷ್ಟು ಗೋಗರೆದರೂ ಒಪ್ಪಲಿಲ್ಲ. ನನ್ನ ಚಿತ್ರ ಅರ್ಥ ಆಗಿದ್ದು ನಿನಗೊಬ್ಬಳಿಗೇ."

ಜನ ಈಗ ಹೆಸ್ಟರಳತ್ತ ತಿರುಗಿ ಚಪ್ಪಾಳೆ ತಟ್ಟತೊಡಗಿದರು. ಅವಳ ಬದುಕಿನಲ್ಲಿ ಅವಳಿಗೆ ಸಿಕ್ಕ ಮೊದಲ ಚಪ್ಪಾಳೆ ಅದು.