ಹೆಸರು ಬರೆಸದ ದಾರಿ

"ಹೆಲಿಕಾಪ್ಟರ್ ಬೇಡ," ಎಂದ ರೇವಿ. "ನಾನೂ ಅತ್ತಿಗೆನೂ ನಡ್ಕೊಂಡೇ ಹೋಗ್ತೀವಿ."

ಹೆಲಿಕಾಪ್ಟರ್ ಹತ್ತುವವರನ್ನು ತೂಗುವ ಯಂತ್ರದ ಮೇಲೆ ಒಂದು ಕಾಲಿಟ್ಟಿದ್ದ ಅತ್ತಿಗೆ ಹುಹಾನಾ ಅದನ್ನು ಹಿಂದಕ್ಕೆ ತೆಗೆದಳು.

ಪೈಲಟ್ ಕೆಲ್ವಿನ್ ನಕ್ಕುಬಿಟ್ಟ. "ತಲೆ ನೆಟ್ಟಗಿದೆಯೇನೋ? ಮೂರು ವರ್ಷದ ಹಿಂದೆ ಗುಡ್ಡ ಕುಸಿದ ಮೇಲೆ ಆ ದಾರೀಲಿ ಒಂದು ಮೇಕೇನೂ ಹೋಗಿಲ್ಲ. ನಾಳೆಯಿಂದ ನಂಗೆ ಪುರುಸೊತ್ತಿಲ್ಲ, ಬೇಟೆಗಾರರ ದಂಡೇ ಬರುತ್ತೆ. ಇವತ್ತಾದ್ರೆ ಇಪ್ಪತ್ತು ನಿಮಿಷದಲ್ಲಿ ಹೊಳೆ ದಂಡೆಗೆ ಇಳಿಸ್ತೀನಿ. ಇಲ್ಲಾಂದ್ರೆ ಸ್ಟ್ಯಾನ್‌ನ ದೋಣಿ ಇದೆ."

"ದೋಣೀನೂ ಬೇಡ."

ನ್ಯೂಜಿಲೆಂಡಿನ ಈ ಪಶ್ಚಿಮ ಕರಾವಳಿಯಲ್ಲಿ ಏಪ್ರಿಲ್ ಎಂದರೆ ಗಂಡು ಜಿಂಕೆಗಳು ಕೂಗುವ ತಿಂಗಳು. ಕಳೆದ ಏಪ್ರಿಲಿನಲ್ಲಿ ಹುಹಾನಾಳ ಗಂಡ ತಾಮಾತಿ ಇದೇ ಹೆಲಿಕಾಪ್ಟರ್ ಹತ್ತಿ ಕಾಡಿನಾಚೆಯ ಹೊಳೆಕಣಿವೆಗೆ ಒಬ್ಬನೇ ಬೇಟೆಗೆ ಹೋಗಿದ್ದ. ಐದನೆಯ ದಿನ ಕೆಲ್ವಿನ್ ಕರೆತರಲು ಹೋದಾಗ ಡೇರೆ ಇತ್ತು, ತಾಮಾತಿ ಇರಲಿಲ್ಲ. ಪೊಲೀಸರು ಪ್ರಯಾಣಿಕರ ಹೆಸರು ಬರೆಯುವ ಹೆಲಿಕಾಪ್ಟರಿನ ಪುಸ್ತಕ ತೆಗೆಸಿದರು, ದೋಣಿಯ ಪುಸ್ತಕ ತೆಗೆಸಿದರು. ಅವುಗಳ ಪ್ರಕಾರ ಆ ವಾರ ಕಣಿವೆಗೆ ಹೋದವನು ತಾಮಾತಿ ಒಬ್ಬನೇ. ಹೊಳೆ ಎಳೆದುಕೊಂಡು ಹೋಗಿರಬೇಕೆಂದು ಬರೆದು ಕಡತ ಮುಚ್ಚಿದರು. ಊರೂ ಹಾಗೇ ನಂಬಿತು. ಹುಹಾನಾಳೂ ಹೊಳೆಯೇ ಒಯ್ದಿರಬೇಕೆಂದು ನಂಬಿದ್ದಳು, ಕಳೆದ ಗುರುವಾರದವರೆಗೆ.

ಗುರುವಾರ ಮೈದುನ ರೇವಿಯ ಅಡುಗೆಮನೆಯಲ್ಲಿ ಗೆಣಸು ಹೆಚ್ಚಲು ಚಾಕು ಹುಡುಕುತ್ತ ಡ್ರಾಯರ್ ಎಳೆದಿದ್ದಳು. ತಳದಲ್ಲಿ, ಬಟ್ಟೆಯಲ್ಲಿ ಸುತ್ತಿದ್ದು, ತಾಮಾತಿಯ ಬೇಟೆಚಾಕು. ಜಿಂಕೆಕೊಂಬಿನ ಹಿಡಿ, ಅದರ ಮೇಲೆ ಅವನೇ ಕೊರೆದ ಹೆಸರು. ಆ ಚಾಕು ಸೊಂಟದಲ್ಲಿಲ್ಲದೆ ತಾಮಾತಿ ಮನೆಯ ಹೊಸಿಲು ದಾಟಿದವನಲ್ಲ.

ಅಂದರೆ ಆ ದಿನ ರೇವಿ ಅಲ್ಲಿದ್ದ.

ಅವಳು ಡ್ರಾಯರ್ ಮುಚ್ಚಿದಳು. ತಿರುಗಿ ನೋಡಿದರೆ ರೇವಿ ಬಾಗಿಲಲ್ಲಿ ನಿಂತಿದ್ದ. ಇಬ್ಬರೂ ಚಾಕುವಿನ ಮಾತೆತ್ತಲಿಲ್ಲ. ಮರುದಿನ ಅವನು ಬಂದು, "ಅತ್ತಿಗೆ, ಈ ಸಲ ಬೇಟೆಗೆ ನೀವೂ ಬರ್ಬೇಕು," ಎಂದ. ಕೇಳಿದ ಹಾಗಿರಲಿಲ್ಲ, ಹೇಳಿದ ಹಾಗಿತ್ತು.

ಒಲ್ಲೆನೆಂದರೆ ತಾನು ಹೆದರಿದ್ದು ಅವನಿಗೆ ಗೊತ್ತಾಗುತ್ತದೆ. ಹೋದರೆ ಜೀವಂತ ಬರುತ್ತೇನೆಂಬ ಭರವಸೆ ಇಲ್ಲ. ಹೆಲಿಕಾಪ್ಟರಾದರೆ ಕೆಲ್ವಿನ್‌ನ ಪುಸ್ತಕದಲ್ಲಿ ಎರಡು ಹೆಸರಿರುತ್ತವೆ, ಒಂದು ಹೆಸರು ಹಿಂದಿರುಗದಿದ್ದರೆ ಯಾರಾದರೂ ಕೇಳಿಯಾರು ಎಂದು ಅವಳು ಲೆಕ್ಕ ಹಾಕಿದ್ದಳು. ಈಗ ಅದೂ ಹೋಯಿತು. ಪುಸ್ತಕದಲ್ಲಿ ಹೆಸರಿಲ್ಲದೆ ಒಳಗೆ ಹೋಗಿ ಹೊರಗೆ ಬರಲು ಇರುವುದು ಒಂದೇ ದಾರಿ. ಈ ಊರಿನಲ್ಲಿ ಹುಡುಕುವವರಿಗೂ ನೆನಪಾಗದ ದಾರಿ, ಕಾಲುದಾರಿ.

ಕಾಡಿನ ಅಂಚಿನಲ್ಲಿ ರೇವಿ ಅವಳ ಬೆನ್ನುಚೀಲದ ಪಟ್ಟಿ ತಾನೇ ಬಿಗಿದ. ಅವಳ ಎಡ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತ್ತು, ಬಕಲು ಹಾಕಲು ಬರುತ್ತಿರಲಿಲ್ಲ.

"ಇನ್ನೂ ನೋಯುತ್ತಾ?"

"ಚಳಿಗೆ ಸ್ವಲ್ಪ."

"ಮೆಟ್ಟಿಲಿಂದ ಬಿದ್ದಿದ್ದು ಅಂತಿದ್ರಿ."

"ಹೂಂ, ಮೆಟ್ಟಿಲು."

ಅವನು ರೈಫಲ್ಲನ್ನು ಹೆಗಲಿಂದ ಕೈಗೆ ತೆಗೆದುಕೊಂಡ. "ನೀವು ಮುಂದೆ ನಡೀರಿ, ಅತ್ತಿಗೆ."

ಬೇರೇನು ಮಾಡುವುದು, ಅವಳು ನಡೆದಳು. ಹಿಂದೆ ಅವನ ಬೂಟಿನ ಸದ್ದು, ಹತ್ತು ಹೆಜ್ಜೆ ದೂರ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ತಲೆಯೆಲ್ಲ ಆ ಸದ್ದಿನ ಮೇಲೇ ಇತ್ತು, ಕಾಲು ತನ್ನ ಪಾಡಿಗೆ ನಡೆಯುತ್ತಿತ್ತು. ಕುಸಿದ ಗುಡ್ಡದ ಬಳಿ ದಾರಿ ಮಣ್ಣಿನಡಿ ಮಾಯವಾಗಿತ್ತು. ಅವಳು ತೊರೆಗಿಳಿದು, ಎಡಕ್ಕೆ ಹೊರಳಿ, ಬೇರುಗಳನ್ನು ಹಿಡಿದು ಮೇಲೆ ಹತ್ತಿದಳು. ಕವಲು ಬಂದಲ್ಲೂ ಅದೇ ಹೆದರಿಕೆ, ಅದೇ ಓಟದ ನಡಿಗೆ. ನಿಂತರೆ ಅವನು ಹತ್ತಿರ ಬರುತ್ತಾನೆ. ಓಡಿದರೆ ಗುಂಡು ಬರುತ್ತದೆ. ಅವಳು ಬಾಯೊಳಗೇ ಅಜ್ಜಿಯ ಪ್ರಾರ್ಥನೆ ಹೇಳಿಕೊಳ್ಳುತ್ತಿದ್ದಳು, ಅರ್ಧಕ್ಕೆ ಮರೆತು ಮತ್ತೆ ಮೊದಲಿಂದ.

ಮಧ್ಯಾಹ್ನ ಕಣಿವೆ ಕಣ್ಣಿಗೆ ಬಿತ್ತು. ಕೆಳಗೆಲ್ಲೋ ಜಿಂಕೆಯೊಂದು ಕೂಗಿತು.

"ನಿಲ್ಲಿ," ಎಂದ ರೇವಿ.

ರೈಫಲ್ಲಿನ ಬೋಲ್ಟ್ ಎಳೆದ ಸದ್ದಾಯಿತು. ಹುಹಾನಾ ಕಣ್ಣು ಮುಚ್ಚಿದಳು. ಬೂಟಿನ ಸದ್ದು ಹತ್ತಿರ ಬಂತು, ಕೈಯಲ್ಲಿ ತಣ್ಣನೆಯದೇನೋ ಬಿತ್ತು. ಕಣ್ಣು ಬಿಟ್ಟರೆ ಬೋಲ್ಟು. ಅದಿಲ್ಲದೆ ಗುಂಡು ಹಾರದು, ಅವನು ಅದನ್ನು ರೈಫಲ್ಲಿನಿಂದ ಕಳಚಿ ಅವಳಿಗೆ ಕೊಟ್ಟಿದ್ದ.

"ಬೆಳಗಿಂದ ನಡುಗ್ತಾ ಇದೀರಿ. ಇಟ್ಕೊಳ್ಳಿ."

"ಆ ಚಾಕು..." ಅವಳು ಬೋಲ್ಟನ್ನು ಮುಷ್ಟಿಯಲ್ಲಿ ಹಿಡಿದಳು. "ನೀನು ಅವತ್ತು ಇಲ್ಲಿಗೆ ಬಂದಿದ್ದೆ."

"ಬಂದಿದ್ದೆ. ನಿಮ್ಮ ಕೈ ಮುರಿದಿದ್ದು ಯಾವ ಮೆಟ್ಟಿಲು ಅಂತ ನಂಗೆ ಗೊತ್ತಿತ್ತು. ಅಣ್ಣನ್ನ ಇಲ್ಲೇ ವಿಚಾರಿಸ್ಕೊಳ್ಳೋಣ ಅಂತ ಇದೇ ದಾರೀಲಿ ಬಂದೆ."

"ಅವನನ್ನ ಏನು ಮಾಡಿದೆ, ರೇವಿ?"

"ಹೊಳೆ ದಂಡೇಲಿ ಹೂಳಿದೆ. ಚಾಕು ಅಮ್ಮ ಕೊಟ್ಟಿದ್ದು, ಮಣ್ಣಿಗೆ ಹಾಕೋಕೆ ಮನಸ್ಸಾಗ್ಲಿಲ್ಲ." ಅವನು ಕೆಳಗೆ ಹೊಳೆಯತ್ತ ನೋಡಿದ. "ಹೋದ ವಾರದ ನೆರೆಗೆ ದಂಡೆ ಕಿತ್ತುಹೋಗಿದೆ. ನಾಳೆ ಕೆಲ್ವಿನ್ ಹಾರಿದ್ರೆ ಮೇಲಿಂದ್ಲೇ ಕಾಣುತ್ತೆ. ಇವತ್ತೇ ಎತ್ತಿ ಬೇರೆ ಕಡೆ ಮಾಡ್ಬೇಕು, ಒಬ್ಬನ ಕೈಲಿ ಆಗಲ್ಲ."

ಅವಳು ಬೋಲ್ಟನ್ನು ಜೇಬಿಗೆ ಹಾಕಿಕೊಂಡಳು.

"ಆರು ಗಂಟೆ ನಡೆದ್ರಿ, ಒಂದ್ಸಲಾನೂ ನನ್ನ ಹತ್ರ ದಾರಿ ಕೇಳ್ಲಿಲ್ಲ ನೀವು," ಎಂದ ರೇವಿ ಮೆಲ್ಲಗೆ. "ಅವತ್ತು ಗುಂಡಿನ ಸದ್ದು ಕೇಳಿ ನಾನು ಓಡಿ ಬರೋ ಹೊತ್ತಿಗೆ, ಅಣ್ಣನ ಹಳೇ ರೈಫಲ್ ಹಿಡ್ಕೊಂಡು ಇದೇ ದಾರೀಲಿ ವಾಪಸ್ ಹೋಗ್ತಾ ಇದ್ರಿ ಅತ್ತಿಗೆ, ನಾನೇ ಮರದ ಹಿಂದೆ ನಿಂತು ದಾರಿ ಬಿಟ್ಟೆ."